ಯಾರ ಹತ್ತು ಹಾಡು?

2022ರ ಜನವರಿ 22, ಶನಿವಾರ. ಆಸ್ಟ್ರೇಲಿಯಾದ ಯುವಜನರ ಬಾನುಲಿ ಟ್ರಿಪಲ್ ಜೆ, ಕೇಳುಗರ ಮತಗಳನ್ನೆಲ್ಲ ಎಣಿಸಿ, ಹಿಂದಿನ ವರ್ಷದ ಮೆಚ್ಚಿನ ಹಾಡು ಇಂಥದ್ದು ಎಂದು ಸಾರಿತು. ಗೆದ್ದವರು ದಿ ವಿಗಲ್ಸ್. ಬಣ್ಣಬಣ್ಣದ ಅಂಗಿ ತೊಟ್ಟು, ಇನ್ನೂ ಶಾಲೆಯ ಮೆಟ್ಟಿಲು ಹತ್ತದ ಮಕ್ಕಳಿಗಾಗಿ ಕುಣಿದು ಹಾಡುವ ತಂಡ ಅದು. ತನ್ನ ಅಭಿರುಚಿಯ ಬಗ್ಗೆ ಸಾಕಷ್ಟು ಬಿಗುಮಾನವಿರುವ ಕೇಂದ್ರದ ಪಟ್ಟಿಯ ತುದಿಯಲ್ಲಿ ಅವರು ಹೋಗಿ ಕೂತಿದ್ದರು, ಅದೂ ಇನ್ನೊಬ್ಬರ ಹಾಡು ಹಿಡಿದುಕೊಂಡು. ಪರ್ತ್ ಊರಿನ ಟೇಮ್ ಇಂಪಾಲದ 'ಎಲಿಫೆಂಟ್' ಹಾಡಿನ ನಡುವೆ ತಮ್ಮದೇ 'ಫ್ರೂಟ್ ಸಲಾಡ್' ತೂರಿಸಿ, ಕೇಂದ್ರದ 'ಲೈಕ್ ಎ ವರ್ಷನ್' ಕಾರ್ಯಕ್ರಮಕ್ಕಾಗಿ ಹಾಡಿದ್ದು. ಆ ಕಾರ್ಯಕ್ರಮದ ಹಾಡೊಂದು ಮೊದಲ ಸ್ಥಾನಕ್ಕೆ ಬಂದದ್ದು ಅದೇ ಮೊದಲು.

ಕೆಲವರು ನಕ್ಕರು, ಕೆಲವರು ಹಲ್ಲು ಕಡಿದರು. ನನಗೆ ನೆನಪಾದದ್ದು ಬೇರೆ. ಏಳು ವರ್ಷ ಹಿಂದೆ ಇದೇ ಕೇಂದ್ರ ಹೆಚ್ಚುಕಡಿಮೆ ಇಂಥದ್ದೇ ತಮಾಷೆಯೊಂದನ್ನು ಪಟ್ಟಿಯಿಂದ ಎತ್ತಿ ಹೊರಗಿಟ್ಟಿತ್ತು. ಎರಡು ತೀರ್ಪುಗಳಿಗೂ ಸಂಗೀತದ ಗುಣಕ್ಕೂ ಸಂಬಂಧವಿರಲಿಲ್ಲ. ಮೂರು ದಶಕ ದಾಟಿದ ಈ ಎಣಿಕೆ ಹಾಡುಗಳಿಗೆ ಸ್ಥಾನ ಹಂಚುವ ನೆಪದಲ್ಲಿ ಬೇರೊಂದನ್ನು ತೀರ್ಮಾನಿಸುತ್ತ ಬಂದಿದೆ: 'ನಮ್ಮ ಕೇಳುಗರು' ಎಂದರೆ ಯಾರು, ಯಾರಲ್ಲ ಎಂಬುದನ್ನು. ಅದರ ಸುತ್ತ ಎದ್ದ ಜಗಳಗಳನ್ನೆಲ್ಲ ಒಂದರ ಪಕ್ಕ ಒಂದಿಟ್ಟು ನೋಡಿದರೆ ಈ ಮಾತು ಬೇಗ ಕಣ್ಣಿಗೆ ಬೀಳುತ್ತದೆ.

ಇದರ ಹೆಸರು ಹಾಟೆಸ್ಟ್ ಹಂಡ್ರೆಡ್. ಕ್ರಮ ಸರಳ. ಡಿಸೆಂಬರಿನಲ್ಲಿ ಮತದಾನ ಶುರುವಾಗುತ್ತದೆ. ಆ ವರ್ಷ ಬಿಡುಗಡೆಯಾದ ಹಾಡುಗಳಲ್ಲಿ ಯಾರು ಬೇಕಾದರೂ ಹತ್ತನ್ನು ಆರಿಸಬಹುದು. ಜನವರಿಯ ಕೊನೆಯ ಭಾಗದಲ್ಲಿ ಒಂದು ದಿನ ಮಧ್ಯಾಹ್ನ ಹನ್ನೆರಡಕ್ಕೆ ನೂರನೆಯ ಹಾಡಿನಿಂದ ತೊಡಗಿ, ಒಂದೊಂದನ್ನೂ ಪೂರ್ತಿ ಬಾರಿಸುತ್ತ, ಹಾಡಿದವರಿಗೆ ಫೋನ್ ಹಚ್ಚಿ ಮಾತನಾಡಿಸುತ್ತ, ರಾತ್ರಿ ಎಂಟರ ಸುಮಾರಿಗೆ ಒಂದನೆಯದಕ್ಕೆ ಬರುತ್ತಾರೆ. ಸಿಡ್ನಿಯ ಮಧ್ಯಾಹ್ನ ಹನ್ನೆರಡು ಎಂದರೆ ನಮ್ಮ ಬೆಳಗಿನ ಆರೂವರೆ. ಬೆಂಗಳೂರಿನಲ್ಲಿ ಕೂತು ಆ್ಯಪ್‌ನಲ್ಲಿ ಕೇಳುವವನಿಗೆ ನೂರನೆಯ ಹಾಡು ಕಾಫಿಯ ಜೊತೆ, ಒಂದನೆಯದು ಊಟ ಮುಗಿದ ಮೇಲಿನ ತೂಕಡಿಕೆಯ ಜೊತೆ. ಅಲ್ಲಿಯವರಿಗೆ ಅದು ನಡುಬೇಸಿಗೆಯ ಹಬ್ಬ. ಹಿತ್ತಲಲ್ಲಿ ಒಲೆ ಹೊತ್ತಿಸಿ ಮಾಂಸ ಸುಡುತ್ತ, ಬಿಯರ್ ತಣ್ಣಗಿಟ್ಟುಕೊಂಡು, ಮುಂದಿನ ಹಾಡು ಯಾವುದೆಂದು ಪಂಥ ಕಟ್ಟುತ್ತ ಕೇಳುತ್ತಾರೆ.

ಟ್ರಿಪಲ್ ಜೆ ಹುಟ್ಟಿದ್ದು 1975ರ ಜನವರಿ 19ರಂದು, ಸರ್ಕಾರಿ ಪ್ರಸಾರ ಸಂಸ್ಥೆ ಎಬಿಸಿಯ ಮಡಿಲಲ್ಲಿ, ಸಿಡ್ನಿಯ ಡಬಲ್ ಜೆ ಎಂಬ ಕೇಂದ್ರವಾಗಿ. ಖಾಸಗಿ ಕೇಂದ್ರಗಳು ಬಹಿಷ್ಕರಿಸಿದ್ದ ಸ್ಕೈಹುಕ್ಸ್ ತಂಡದ ಹಾಡೊಂದನ್ನೇ ಅವರು ಮೊದಲು ಬಾರಿಸಿದರು. ಮಿಕ್ಕವರು ಬಾರಿಸದ್ದನ್ನು ನಾವು ಬಾರಿಸುತ್ತೇವೆ ಎನ್ನುವುದೇ ಅದರ ಗುರುತಾಯಿತು. ನಮ್ಮ ಕಡೆಯ ಬಿನಾಕಾ ಗೀತ್‌ಮಾಲಾ ಹುಟ್ಟಿಗೂ ಇಂಥದ್ದೇ ಕಾರಣವಿತ್ತು. 1952ರಲ್ಲಿ ಮಂತ್ರಿ ಬಿ. ವಿ. ಕೇಸ್ಕರ್ ಆಕಾಶವಾಣಿಯಿಂದ ಚಿತ್ರಗೀತೆಗಳನ್ನು ದೂರವಿಟ್ಟರು. ಅದೇ ಡಿಸೆಂಬರಿನಲ್ಲಿ ರೇಡಿಯೊ ಸಿಲೋನ್‌ನಲ್ಲಿ ಅಮೀನ್ ಸಯಾನಿ ಮಾತು ಶುರು ಮಾಡಿದರು. ವರ್ಷದ ಕೊನೆಯ ಗೀತ್‌ಮಾಲಾದಲ್ಲಿ ಕೆಳಗಿನಿಂದ ಮೇಲಕ್ಕೆ ಏರುತ್ತ ಹೋಗಿ 'ಸರ್ತಾಜ್ ಗೀತ್' ಮುಟ್ಟುವಾಗಿನ ಕಾತರ, ಅದನ್ನು ಕೇಳಿ ಬೆಳೆದವರಿಗೆ ಇಂದಿಗೂ ನೆನಪಿದೆ. ಆದರೆ ಸಯಾನಿಯವರ ಪಟ್ಟಿಗೆ ಅಂಗಡಿಗಳ ರೆಕಾರ್ಡ್ ಮಾರಾಟದ ಲೆಕ್ಕ ಆಧಾರ. ಶ್ರೋತೃ ಸಂಘಗಳ ಅಭಿಪ್ರಾಯ ಅದರ ಜೊತೆಗೆ ಸೇರುತ್ತಿತ್ತು. ಹಣ ಕೊಡುತ್ತಿದ್ದುದು ಟೂತ್‌ಪೇಸ್ಟ್ ಕಂಪನಿ. ಟ್ರಿಪಲ್ ಜೆ ಜಾಹೀರಾತು ಇಲ್ಲದ ಕೇಂದ್ರ, ಮಾರಾಟದ ಲೆಕ್ಕ ಅದಕ್ಕೆ ಬೇಡ. ಉಳಿಯುವುದು ಮತ ಒಂದೇ. ಹಾಗಾಗಿ ಮತ ಹಾಕಿದವರು ಯಾರು ಎಂಬ ಪ್ರಶ್ನೆಗೆ ಇಲ್ಲಿ ಇಷ್ಟು ತೂಕ.

ಮೊದಲ ಎಣಿಕೆ ನಡೆದದ್ದು 1989ರಲ್ಲಿ. ಆಗ ಕೇಳಿದ್ದು ವರ್ಷದ ಹಾಡನ್ನಲ್ಲ, ಸಾರ್ವಕಾಲಿಕ ಮೆಚ್ಚಿನ ಹಾಡನ್ನು. ಜಾಯ್ ಡಿವಿಷನ್ ತಂಡದ 'ಲವ್ ವಿಲ್ ಟೇರ್ ಅಸ್ ಅಪಾರ್ಟ್' ಗೆದ್ದಿತು. ಮರುವರ್ಷವೂ ಅದೇ ಗೆದ್ದಿತು. ಸಾರ್ವಕಾಲಿಕ ಎಂದ ಮೇಲೆ ವರ್ಷ ವರ್ಷವೂ ಬದಲಾಗುವುದಾದರೂ ಹೇಗೆ? 1992ರಲ್ಲಿ ಒಂದು ವರ್ಷ ಬಿಟ್ಟು, 1993ರಿಂದ ಆಯಾ ವರ್ಷದ ಹಾಡುಗಳಿಗಷ್ಟೇ ಮತ ಎಂಬ ನಿಯಮ ತಂದರು. ಇದು ಈ ಕಾರ್ಯಕ್ರಮದ ಇತಿಹಾಸದಲ್ಲೇ ಅತ್ಯಂತ ಬುದ್ಧಿವಂತ ತೀರ್ಮಾನ. ಶಾಶ್ವತದ ತಕ್ಕಡಿ ಕೈಬಿಟ್ಟು, ಈ ಹನ್ನೆರಡು ತಿಂಗಳಲ್ಲಿ ನಿಮಗೆ ಏನು ಅಂಟಿಕೊಂಡಿತು ಎಂದಷ್ಟೇ ಕೇಳುವ ಪ್ರಶ್ನೆಗೆ ಪ್ರಾಮಾಣಿಕ ಉತ್ತರ ಕೊಡುವುದು ಸುಲಭ.

ಆದರೆ ಉತ್ತರವನ್ನು ಕೂಡಿಸುವ ರೀತಿಯಲ್ಲಿ ಒಂದು ಕೊಕ್ಕೆಯಿದೆ. ಹತ್ತು ಹಾಡು ಆರಿಸಬಹುದು. ಹತ್ತಕ್ಕೂ ಸಮಾನ ಬೆಲೆ. ನಿದ್ದೆಗೆಡಿಸಿದ ಹಾಡಿಗೂ, ಒಂಬತ್ತು ಮುಗಿದ ಮೇಲೆ ಇನ್ನೊಂದು ಜಾಗ ಉಳಿದಿದೆಯಲ್ಲ ಎಂದು ತುಂಬಿದ ಹಾಡಿಗೂ ಒಂದೊಂದೇ ಮತ. ಇದರ ಫಲ ಏನು? ಒಂದು ಹಾಡನ್ನು ಇಪ್ಪತ್ತು ಸಾವಿರ ಜನ ಪ್ರಾಣದಂತೆ ಪ್ರೀತಿಸಿ, ಮಿಕ್ಕವರು ಅದರ ಗೋಜಿಗೇ ಹೋಗದಿದ್ದರೆ ಅದು ಎಲ್ಲೋ ನಡುವೆ ಸಿಕ್ಕಿಕೊಳ್ಳುತ್ತದೆ. ಇನ್ನೊಂದು ಹಾಡು ನಲವತ್ತು ಸಾವಿರ ಜನಕ್ಕೆ 'ಪರವಾಗಿಲ್ಲ, ಚೆನ್ನಾಗಿದೆ' ಎನಿಸಿ ಎಲ್ಲರ ಎಂಟನೆಯ ಒಂಬತ್ತನೆಯ ಆಯ್ಕೆಯಾದರೆ ಅದು ತುದಿಗೇರುತ್ತದೆ. ಗೆದ್ದ ಹಾಡುಗಳ ಸಾಲನ್ನು ಈ ದೃಷ್ಟಿಯಿಂದ ಕೇಳಿ ನೋಡಿ. 2013ರ 'ರಿಪ್‌ಟೈಡ್', 2015ರ 'ಹೂಪ್ಸ್', 2018ರ 'ಕಾನ್ಫಿಡೆನ್ಸ್': ಮೂರೂ ಇಂಪಾದ ಹಾಡುಗಳೇ. ಮೂರೂ ಯಾರನ್ನೂ ಕೆಣಕದ ಹಾಡುಗಳು ಕೂಡ. ಹಿತ್ತಲಿನ ಹಬ್ಬದಲ್ಲಿ ಯಾರೂ ಎದ್ದು ಹೋಗಿ ಧ್ವನಿ ತಗ್ಗಿಸದಂಥವು. ಕೆಂಡ್ರಿಕ್ ಲಮಾರ್‌ನ 'ಹಂಬಲ್' 2017ರಲ್ಲಿ ಗೆದ್ದದ್ದು ಈ ಸಾಲಿನಲ್ಲಿ ಎದ್ದು ಕಾಣುವ ಅಪವಾದ. ಅಲ್ಲೂ ಗೆದ್ದದ್ದು ಆ ಆಲ್ಬಮ್ಮಿನ ಅತ್ಯಂತ ಚುರುಕಾದ, ನೇರವಾದ ಹಾಡು. ಒಳಸುಳಿಗಳಿರುವ ಮಿಕ್ಕ ಹಾಡುಗಳಿಗೆ ಆ ಭಾಗ್ಯವಿಲ್ಲ.

ಹಾಗಂತ ಇದು ಸಣ್ಣ ಮಟ್ಟದ ಮತದಾನವೇನಲ್ಲ. 2019ರ ಹಾಡುಗಳಿಗೆ ಬಿದ್ದ ಮತಗಳು 30 ಲಕ್ಷ ದಾಟಿದವು. ತಲೆಗೆ ಹತ್ತರಂತೆ ಹಿಡಿದರೆ ಮೂರು ಲಕ್ಷಕ್ಕೂ ಮಿಕ್ಕ ಜನ. ಎರಡೂವರೆ ಕೋಟಿಯ ದೇಶದಲ್ಲಿ ನೂರಕ್ಕೆ ಒಬ್ಬರಿಗಿಂತ ಹೆಚ್ಚು. ಇಷ್ಟು ಜನರ ಅಭಿರುಚಿ ಎಷ್ಟು ಒಂದೇ ಅಚ್ಚಿನದ್ದು ಎಂಬುದನ್ನು 2013ರ ಆರಂಭದಲ್ಲಿ ಬ್ರಿಸ್ಬೇನಿನ ಕೆಲವು ಹುಡುಗರು ತೋರಿಸಿಕೊಟ್ಟರು. ಮತದಾರರು ತಮ್ಮ ಹತ್ತು ಹಾಡುಗಳನ್ನು ಫೇಸ್‌ಬುಕ್, ಟ್ವಿಟರಿನಲ್ಲಿ ಹಂಚಿಕೊಳ್ಳಲು ಕೇಂದ್ರವೇ ಅನುಕೂಲ ಮಾಡಿಕೊಟ್ಟಿತ್ತು. ಇವರು ಅದನ್ನೆಲ್ಲ ಗುಡಿಸಿ, ಕೂಡಿಸಿ, 'ವಾರ್ಮೆಸ್ಟ್ ಹಂಡ್ರೆಡ್' ಎಂಬ ಪಟ್ಟಿಯನ್ನು ಪ್ರಸಾರಕ್ಕೆ ಮೊದಲೇ ಹೊರತಂದರು. ಒಟ್ಟು ಮತದ ಒಂದು ಸಣ್ಣ ಪಾಲಷ್ಟೇ ಅವರ ಕೈಯಲ್ಲಿದ್ದದ್ದು. ಆದರೂ ಮೊದಲ ಸ್ಥಾನ ಮ್ಯಾಕಲ್‌ಮೋರ್ ಮತ್ತು ರಯಾನ್ ಲೂಯಿಸ್‌ರ 'ಥ್ರಿಫ್ಟ್ ಶಾಪ್'ಗೆ ಎಂಬ ಊಹೆ ನಿಜವಾಯಿತು. ಗೆಲ್ಲುವ ಹಾಡಿನ ಮೇಲೆ ಬಾಜಿ ಕಟ್ಟಿಸಿಕೊಳ್ಳುವ ಕಂಪನಿಗಳಿರುವ ದೇಶ ಅದು, ಗದ್ದಲ ಎಷ್ಟಾಗಿರಬೇಡ. ನನ್ನ ಮಟ್ಟಿಗೆ ಆ ಪ್ರಸಂಗದ ಪಾಠ ಗುಟ್ಟು ರಟ್ಟಾದದ್ದಲ್ಲ. ಕೆಲವು ಸಾವಿರ ಜನರ ಆಯ್ಕೆ ಲಕ್ಷಾಂತರ ಜನರ ಆಯ್ಕೆಯನ್ನು ಹೇಳಿಬಿಡಬಲ್ಲದಾದರೆ, ಆ ಲಕ್ಷಾಂತರ ಜನ ವರ್ಷವಿಡೀ ಕೇಳಿದ್ದು ಒಂದೇ ಕೇಂದ್ರವನ್ನು, ಒಂದೇ ನೂರಿನ್ನೂರು ಹಾಡುಗಳನ್ನು ಎಂದಾಯಿತು. ಮತಪೆಟ್ಟಿಗೆ ಜನವರಿಯಲ್ಲಿ ಒಡೆಯುತ್ತದೆ. ಅದರೊಳಗೆ ಏನಿರಬೇಕೆಂಬುದು ಮಾರ್ಚ್ ಏಪ್ರಿಲಿನಲ್ಲಿ ಯಾವ ಹಾಡನ್ನು ದಿನಕ್ಕೆ ಎಷ್ಟು ಸಲ ಬಾರಿಸಬೇಕೆಂದು ಕೇಂದ್ರ ನಿರ್ಧರಿಸುವಾಗಲೇ ಮುಕ್ಕಾಲು ಪಾಲು ತೀರ್ಮಾನವಾಗಿರುತ್ತದೆ.

ಅದಕ್ಕೇ ಬೇರೆ ಕಡೆ ಕೇಳಿ ಬಂದವರು ಮತ ಹಾಕಿದಾಗ ಕೇಂದ್ರಕ್ಕೆ ಮೈಯುರಿ. 2014ರ ಎಣಿಕೆಯ ಹೊತ್ತಿಗೆ ಬಝ್‌ಫೀಡ್‌ನ ಬರಹವೊಂದು ಕಿಡಿ ಹಚ್ಚಿತು: ಟೇಲರ್ ಸ್ವಿಫ್ಟ್‌ಳ 'ಶೇಕ್ ಇಟ್ ಆಫ್' ಹಾಡಿಗೆ ಮತ ಹಾಕಿ. ಟ್ರಿಪಲ್ ಜೆ ಆ ಹಾಡನ್ನು ಬಾರಿಸುತ್ತಲೇ ಇರಲಿಲ್ಲ. ಕೆಲವರಿಗೆ ಅದು ನಿಜವಾದ ಅಭಿಮಾನ, ಕೆಲವರಿಗೆ ಕೇಂದ್ರದ ಜಂಬ ಇಳಿಸುವ ಚೇಷ್ಟೆ. ನಡುವೆ ಕೆಎಫ್‌ಸಿ ಕೂಡ ಈ ಗದ್ದಲವನ್ನು ತನ್ನ ಪ್ರಚಾರಕ್ಕೆ ಬಳಸಿಕೊಂಡಿತು. ಕೊನೆಗೆ ಕೇಂದ್ರ ಹಾಡನ್ನು ಅನರ್ಹಗೊಳಿಸಿತು. ಸಾರಿದ ಕ್ರಮ ಮಾತ್ರ ಚೇಷ್ಟೆಗಾರರ ಧಾಟಿಯದ್ದೇ, ನಗೆಚಿತ್ರಗಳನ್ನು ಪೋಣಿಸಿದ ಪಟ್ಟಿಯೊಂದು. ಲೆಕ್ಕಕ್ಕೆ ತೆಗೆದುಕೊಂಡಿದ್ದರೆ ಅದು ಹನ್ನೆರಡನೆಯ ಸ್ಥಾನದಲ್ಲಿ ಇರುತ್ತಿತ್ತು ಎಂಬುದು ಆಮೇಲೆ ಹೊರಬಂತು.

ಜಾಹೀರಾತಿಲ್ಲದ ಸಾರ್ವಜನಿಕ ಸಂಸ್ಥೆ ಕಂಪನಿಯೊಂದರ ಪ್ರಚಾರಕ್ಕೆ ಮೆಟ್ಟಿಲಾಗಬಾರದು ಎಂಬ ಮಾತು ನನಗೂ ಒಪ್ಪಿಗೆ. ಆದರೆ ಚೇಷ್ಟೆಯ ಮತ ಮತವಲ್ಲ ಎಂಬ ವಾದ ಈ ಕಾರ್ಯಕ್ರಮದ ಬಾಯಲ್ಲಿ ಹೊಂದುವುದಿಲ್ಲ. 1993ರ ಮೊದಲ ವಾರ್ಷಿಕ ಎಣಿಕೆಯಲ್ಲಿ ಗೆದ್ದದ್ದು ಯಾವುದು? ಅಮೆರಿಕದ ಹಾಸ್ಯಗಾರ ಡೆನಿಸ್ ಲಿಯರಿ ಹಾಡಿದ, ಬೈಗುಳವನ್ನೇ ಹೆಸರಾಗಿ ಇಟ್ಟುಕೊಂಡ ಒಂದು ನಗೆಹಾಡು. 1998ರಲ್ಲಿ ದಿ ಆಫ್‌ಸ್ಪ್ರಿಂಗ್‌ನ 'ಪ್ರಿಟಿ ಫ್ಲೈ' ಗೆದ್ದಾಗಲೂ ಜನ ಮತ ಹಾಕಿದ್ದು ನಗುತ್ತಲೇ. ವಿಗಲ್ಸ್ ಪರವಾಗಿಯೂ ಕೇಳುಗರ ನಡುವೆ ಉತ್ಸಾಹದ ಪ್ರಚಾರ ನಡೆದಿತ್ತು. ಅವರನ್ನು ಯಾರೂ ತಡೆಯಲಿಲ್ಲ. ಯಾಕೆಂದರೆ ಆ ಹಾಡು ಹುಟ್ಟಿದ್ದು ಕೇಂದ್ರದ ಸ್ಟುಡಿಯೊದಲ್ಲೇ, ಮತ ಹಾಕಿದವರು ಕೇಂದ್ರದ ಮಕ್ಕಳೇ. ತೊಂಬತ್ತರ ದಶಕದಲ್ಲಿ ಟಿವಿ ಮುಂದೆ ಕೂತು ವಿಗಲ್ಸ್ ನೋಡುತ್ತ ತುತ್ತು ನುಂಗಿದ ಪೀಳಿಗೆಯೇ ಈಗ ಮತದಾರರ ಸಾಲಿನಲ್ಲಿ ನಿಂತಿತ್ತು. ಒಳಗಿನವರ ತಮಾಷೆಗೆ ಮೊದಲ ಸ್ಥಾನ, ಹೊರಗಿನವರ ತಮಾಷೆಗೆ ಬಾಗಿಲು. ಸ್ವಿಫ್ಟ್ ಅಭಿಮಾನಿಗಳಲ್ಲಿ ಬಹುಪಾಲು ಹುಡುಗಿಯರು ಎಂಬುದನ್ನು ಆಗಲೇ ಹಲವರು ಎತ್ತಿ ತೋರಿಸಿದ್ದರು. ಆ ಟೀಕೆಗೆ ಹಿನ್ನೆಲೆಯಿತ್ತು. 2009ರಲ್ಲಿ ಇಪ್ಪತ್ತನೆಯ ವರ್ಷದ ನೆಪದಲ್ಲಿ ಮತ್ತೆ ಸಾರ್ವಕಾಲಿಕ ನೂರು ಹಾಡುಗಳನ್ನು ಕೇಳಿದಾಗ ನಿರ್ವಾಣ ತಂಡ ಗೆದ್ದಿತು. ನೂರರಲ್ಲಿ ಒಬ್ಬಳೇ ಹಾಡುವ ಗಾಯಕಿಯ ಹಾಡು ಒಂದೂ ಇರಲಿಲ್ಲ. ಒಂದೂ! ಅರೀತಾ ಫ್ರಾಂಕ್ಲಿನ್, ಜೋನಿ ಮಿಚೆಲ್, ಬ್ಯೋರ್ಕ್, ಪಿ. ಜೆ. ಹಾರ್ವಿ ಯಾರೂ ಇಲ್ಲದ 'ಸಾರ್ವಕಾಲಿಕ'. ವಾರ್ಷಿಕ ಪಟ್ಟಿಯಲ್ಲಿ ಒಂಟಿ ಗಾಯಕಿಯೊಬ್ಬಳು ಮೊದಲ ಸ್ಥಾನಕ್ಕೆ ಬಂದದ್ದು 2019ರ ಎಣಿಕೆಯಲ್ಲಿ, ಬಿಲ್ಲಿ ಐಲಿಷ್‌ಳ 'ಬ್ಯಾಡ್ ಗೈ' ಹಾಡಿನಿಂದ. ಅದಕ್ಕೂ ಮೊದಲು ಹೆಣ್ಣುದನಿ ಗೆದ್ದಿದ್ದರೆ ಅದು ತಂಡದ ಭಾಗವಾಗಿ, ಇಲ್ಲವೇ ಗಂಡಸಿನ ಹಾಡಿನಲ್ಲಿ ಅತಿಥಿಯಾಗಿ. ಮತ ಜನರದ್ದು, ನಾವೇನು ಮಾಡೋಣ ಎಂದು ಕೇಂದ್ರ ಕೈ ಚೆಲ್ಲಬಹುದು. ವರ್ಷವಿಡೀ ಗಿಟಾರ್ ಹಿಡಿದ ಗಂಡುತಂಡಗಳನ್ನು ಬಾರಿಸಿ, ಜನವರಿಯಲ್ಲಿ ಜನರೇ ಆರಿಸಿದರು ಎನ್ನುವುದು ಅರ್ಧ ಸತ್ಯ.

ತಾರೀಖಿನ ಜಗಳ ಇದಕ್ಕಿಂತ ಆಳವಾದದ್ದು. ಸುಮಾರು ಎರಡು ದಶಕ ಈ ಎಣಿಕೆ ನಡೆಯುತ್ತಿದ್ದುದು ಜನವರಿ 26ರಂದು, ಆಸ್ಟ್ರೇಲಿಯಾ ಡೇ ರಜೆಯ ದಿನ. ಅದೇ ತಾರೀಖು ನಮಗೆ ಗಣರಾಜ್ಯೋತ್ಸವ: ಬ್ರಿಟಿಷರ ಆಳ್ವಿಕೆಯ ಗುರುತು ಕಳಚಿ ನಮ್ಮದೇ ಸಂವಿಧಾನ ಜಾರಿಗೆ ಬಂದ ದಿನ. ಅಲ್ಲಿ ಅದು 1788ರಲ್ಲಿ ಆರ್ಥರ್ ಫಿಲಿಪ್‌ನ ಹಡಗುಗಳು ಸಿಡ್ನಿಯ ಕೊಲ್ಲಿಯಲ್ಲಿ ಲಂಗರು ಹಾಕಿ ಬ್ರಿಟಿಷ್ ಬಾವುಟ ನೆಟ್ಟ ದಿನ. ಸಾವಿರಾರು ವರ್ಷಗಳಿಂದ ಆ ನೆಲದಲ್ಲಿದ್ದ ಮೂಲನಿವಾಸಿಗಳು 1938ರಲ್ಲೇ ಅದನ್ನು ಶೋಕದಿನವೆಂದು ಸಾರಿದ್ದರು. ಈಗ ಅದನ್ನು ದಾಳಿಯ ದಿನ ಎಂದೇ ಕರೆದು ಬೀದಿಗಿಳಿಯುತ್ತಾರೆ. ಅವರ ಸಂಗೀತವನ್ನು ಹೆಮ್ಮೆಯಿಂದ ಬಾರಿಸುತ್ತೇವೆ ಎನ್ನುವ ಕೇಂದ್ರ ತನ್ನ ದೊಡ್ಡ ಹಬ್ಬವನ್ನು ಅದೇ ದಿನ ಇಟ್ಟುಕೊಂಡಿತ್ತು. ಈ ಮುಜುಗರ ಕೊನೆಗೆ ಪಟ್ಟಿಯೊಳಗಿನಿಂದಲೇ ಎದ್ದು ಬಂತು. ಮೂಲನಿವಾಸಿ ರ‍್ಯಾಪರ್‌ಗಳಾದ ಬ್ರಿಗ್ಸ್ ಮತ್ತು ಟ್ರಯಲ್ಸ್ ಸೇರಿ ಕಟ್ಟಿದ ಎ. ಬಿ. ಒರಿಜಿನಲ್ ತಂಡ, ಆ ದಿನದ ಸಂಭ್ರಮವನ್ನೇ ಪ್ರಶ್ನಿಸುವ 'ಜನವರಿ 26' ಎಂಬ ಹಾಡು ಮಾಡಿತು. 2016ರ ಎಣಿಕೆಯಲ್ಲಿ ಅದಕ್ಕೆ ಹದಿನಾರನೆಯ ಸ್ಥಾನ. ಅದು ಪ್ರಸಾರವಾದದ್ದು 2017ರ ಜನವರಿ 26ರಂದೇ.

ಆ ವರ್ಷವೇ ಕೇಂದ್ರ ಕೇಳುಗರ ಅಭಿಪ್ರಾಯ ಕೇಳಿತು. ನೂರಕ್ಕೆ ಅರವತ್ತು ಮಂದಿ ತಾರೀಖು ಬದಲಿಸಿ ಎಂದರು. 2018ರಿಂದ ಎಣಿಕೆ ಜನವರಿಯ ನಾಲ್ಕನೆಯ ವಾರಾಂತ್ಯಕ್ಕೆ ಹೋಯಿತು. ಆಗಿನ ಸಂಪರ್ಕ ಖಾತೆಯ ಮಂತ್ರಿ ಮಿಚ್ ಫೈಫೀಲ್ಡ್ ಮರುಪರಿಶೀಲನೆಗೆ ಒತ್ತಾಯಿಸಿದರು. ಬಲಪಂಥೀಯ ಪಕ್ಷವೊಂದು ಜನವರಿ 26ಕ್ಕೆಂದೇ ತನ್ನದೊಂದು ಪಟ್ಟಿ ಮಾಡಿ ಹರಿಯಬಿಟ್ಟಿತು; ಅದರಲ್ಲಿದ್ದ ಕಲಾವಿದರೇ ಮುನಿದರು. ಕೇಂದ್ರ ಬಗ್ಗಲಿಲ್ಲ. ಇಡೀ ಇತಿಹಾಸದಲ್ಲಿ ಟ್ರಿಪಲ್ ಜೆ ತನ್ನ ಕೇಳುಗರ ಗಡಿಯನ್ನು ತಿಳಿದೂ ತಿಳಿದೂ ಹಿಗ್ಗಿಸಿದ್ದು ಈ ಒಂದು ಸಲ ಎನ್ನಬೇಕು. ಹಬ್ಬಕ್ಕೆ ಬರಲಾಗದವರು ಯಾರು ಎಂದು ಕೇಳಿಕೊಂಡು, ಅವರಿಗಾಗಿ ದಿನವನ್ನೇ ಸರಿಸಿತು. ಅದೂ ನೂರಕ್ಕೆ ಅರವತ್ತರ ಬಲದಿಂದ. ಬಹುಮತ ಬೇರೆಯಾಗಿದ್ದರೆ ಏನು ಮಾಡುತ್ತಿತ್ತೋ.

ಇಷ್ಟೆಲ್ಲ ತಕರಾರಿದ್ದೂ ನಾನು ಆ ಎಂಟು ಗಂಟೆ ಕೇಳುವುದೇಕೆ? ಒಂದು, ಪಟ್ಟಿಯ ಕೆಳಗಿನ ಅರ್ಧ. ಐವತ್ತರಿಂದ ಒಂದರವರೆಗೆ ನೆರೆದವರೆಲ್ಲ ಒಪ್ಪಿದ ಹಾಡುಗಳು. ನೂರರಿಂದ ಐವತ್ತರವರೆಗೆ ಗುಂಪು ಗುಂಪಾಗಿ ಹಟ ಹಿಡಿದವರ ಹಾಡುಗಳು. ಅರ್ನೆಮ್ ಲ್ಯಾಂಡಿನ ಯೋಲ್ಙು ಭಾಷೆಯನ್ನು ರ‍್ಯಾಪ್‌ಗೆ ತಂದ ಬೇಕರ್ ಬಾಯ್‌ನಂಥವರನ್ನು ನಾನು ಮೊದಲು ಕೇಳಿದ್ದು ಈ ಕೇಂದ್ರದಿಂದಲೇ. ಎರಡು, ಅದೇ ಕ್ಷಣದಲ್ಲಿ ಇಡೀ ದೇಶ ಒಂದೇ ಹಾಡು ಕೇಳುತ್ತಿದೆ ಎಂಬ ಅರಿವು. ಆಕಾಶವಾಣಿಯ ಕೋರಿಕೆ ಕಾರ್ಯಕ್ರಮದಲ್ಲಿ ಹಾಡಿಗೆ ಮೊದಲು ಊರೂರಿನ ಹೆಸರು ಓದುತ್ತಿದ್ದಾಗ ಇದ್ದ ಸುಖ ಇದೇ. ಹಾಡಿಗಿಂತ ಹೆಚ್ಚಾಗಿ, ಅದನ್ನು ಬಯಸಿದವರು ಇನ್ನೆಲ್ಲೋ ಇದ್ದಾರೆ ಎಂಬುದು. ಮೊಬೈಲ್ ಪ್ಲೇಲಿಸ್ಟಿನಲ್ಲಿ ನೂರು ಹಾಡೂ ಸಿಗುತ್ತವೆ, ಆ ಸುಖ ಸಿಗುವುದಿಲ್ಲ.

ಆದರೆ ಪ್ಲೇಲಿಸ್ಟು ಈಗ ಪಟ್ಟಿಯೊಳಕ್ಕೇ ಬಂದಿದೆ. ಕೆಲವು ವರ್ಷ ನೂರರಲ್ಲಿ ಅರವತ್ತಕ್ಕೂ ಹೆಚ್ಚು ಆಸ್ಟ್ರೇಲಿಯದ ಹಾಡುಗಳಿದ್ದ ಕಾಲವಿತ್ತು. 2024ರ ಪಟ್ಟಿಯಲ್ಲಿ ಆ ಸಂಖ್ಯೆ ಮೂವತ್ತರ ಒಳಗೆ ಕುಸಿಯಿತು. ಗೆದ್ದದ್ದು ಅಮೆರಿಕದ ಚಾಪೆಲ್ ರೋನ್‌ಳ 'ಗುಡ್ ಲಕ್, ಬೇಬ್!', ಹಿಂದಿನ ವರ್ಷ ಗೆದ್ದ ಡೋಜಾ ಕ್ಯಾಟ್ ಕೂಡ ಅಮೆರಿಕದವಳೇ. ಹದಿನೆಂಟು ಇಪ್ಪತ್ತರ ಹುಡುಗ ಹುಡುಗಿಯರು ಹಾಡು ಕಂಡುಕೊಳ್ಳುವುದು ಟಿಕ್‌ಟಾಕ್, ಸ್ಪಾಟಿಫೈಗಳಲ್ಲಿ. ಬಾನುಲಿಗೆ ಅವರು ಬರುವುದು ಮತ ಹಾಕಲಷ್ಟೇ. ಅಂದರೆ 2014ರಲ್ಲಿ ಬಾಗಿಲ ಹೊರಗಿಟ್ಟಿದ್ದ ಕೇಳುಗರೇ ಈಗ ಮನೆ ತುಂಬಿದ್ದಾರೆ. ಸ್ವಿಫ್ಟ್ ಪ್ರಸಂಗವನ್ನು ಮತ್ತೆ ನಡೆಸಲು ಕೇಂದ್ರಕ್ಕೆ ಇಂದು ಧೈರ್ಯವೂ ಇಲ್ಲ, ಕಾರಣವೂ ಇಲ್ಲ.

2025ರ ಜುಲೈನಲ್ಲಿ, ಐವತ್ತನೆಯ ವರ್ಷದ ನೆಪದಲ್ಲಿ, ಅದು ಆಸ್ಟ್ರೇಲಿಯದ ಹಾಡುಗಳಿಗಷ್ಟೇ ಮೀಸಲಾದ ವಿಶೇಷ ಎಣಿಕೆ ನಡೆಸಿತು. 26 ಲಕ್ಷಕ್ಕೂ ಹೆಚ್ಚು ಮತ ಬಿದ್ದವು. ಐಎನ್‌ಎಕ್ಸ್‌ಎಸ್ ತಂಡದ ಎಂಬತ್ತರ ದಶಕದ 'ನೆವರ್ ಟೇರ್ ಅಸ್ ಅಪಾರ್ಟ್' ಗೆದ್ದಿತು, ಹಿಲ್‌ಟಾಪ್ ಹುಡ್ಸ್ ಎರಡನೆಯದು. ಕುತೂಹಲದ್ದು ಮೂರನೆಯದು: ದಿ ವೆರೋನಿಕಾಸ್ ಅವಳಿ ಸೋದರಿಯರ 'ಅನ್‌ಟಚ್ಡ್'. 2007ರಲ್ಲಿ ಅದು ಬಂದಾಗ ಟ್ರಿಪಲ್ ಜೆ ಪಾಲಿಗೆ ಅಂಗಡಿ ಪಾಪ್, ಹದಿಹರೆಯದ ಹುಡುಗಿಯರ ಹಾಡು. ಆ ವರ್ಷದ ನೂರರಲ್ಲಿ ಅದಕ್ಕೆ ಜಾಗವಿರಲಿಲ್ಲ. ಆ ಹುಡುಗಿಯರು ದೊಡ್ಡವರಾಗಿ, ಮತಪತ್ರ ಕೈಗೆ ಸಿಕ್ಕಿದಾಗ ಹದಿನೆಂಟು ವರ್ಷದ ಬಾಕಿಯನ್ನು ವಸೂಲಿ ಮಾಡಿಕೊಂಡರು. ವಾರ್ಷಿಕ ಪಟ್ಟಿಗಳ ಮೇಲೆ ಇದಕ್ಕಿಂತ ಖಡಕ್ಕಾದ ವಿಮರ್ಶೆಯನ್ನು ಯಾವ ವಿಮರ್ಶಕನೂ ಬರೆದಿಲ್ಲ.

ನನ್ನದೊಂದು ಬೇಡಿಕೆ ಇದೆ. ಕೇಂದ್ರ ಒಟ್ಟು ಮತಗಳ ಲೆಕ್ಕ ಹೇಳುತ್ತದೆ, ಸ್ಥಾನಗಳನ್ನು ಹೇಳುತ್ತದೆ. ಯಾವ ಹಾಡಿಗೆ ಎಷ್ಟು ಮತ ಎಂಬ ಪೂರ್ತಿ ಪಟ್ಟಿಯನ್ನು ಪ್ರಸಾರದ ಜೊತೆಗೆ ಕೊಡುವ ರೂಢಿಯಿಲ್ಲ. ಒಂದಕ್ಕೂ ಎರಡಕ್ಕೂ ನಡುವೆ ನೂರು ಮತದ ಅಂತರವೋ ಇಪ್ಪತ್ತು ಸಾವಿರದ್ದೋ ತಿಳಿಯದೆ 'ದೇಶ ಆರಿಸಿದ ಹಾಡು' ಎನ್ನುವುದು ಹೇಗೆ? ಪ್ರಸಾರ ಮುಗಿದ ಮರುದಿನ ಹಾಡುವಾರು, ರಾಜ್ಯವಾರು, ವಯಸ್ಸುವಾರು ಮತ ಬಹಿರಂಗವಾಗಲಿ. ಡಾರ್ವಿನ್ನಿನವರು ಏನು ಕೇಳಿದರು, ಮೆಲ್ಬರ್ನಿನವರು ಏನು ಕೇಳಿದರು, ಮೂವತ್ತು ದಾಟಿದವರು ಇನ್ನೂ ಎಷ್ಟು ಮಂದಿ ಮತ ಹಾಕುತ್ತಿದ್ದಾರೆ, ಎಷ್ಟು ಜನ ಹತ್ತೂ ತುಂಬಿಸದೆ ಮೂರಕ್ಕೇ ನಿಲ್ಲಿಸಿದರು, ಎಲ್ಲವೂ ಆಗ ಕಾಣಲಿ.